ಇಂಡಿಕೇಟರ್ ಬಲ್ಬು ಬದಲಿಸಿದ ಭಾನುವಾರ

ಕಾರಿನ ಮುಂದಿನ ಇಂಡಿಕೇಟರ್ ಬಲ್ಬು ಬದಲಿಸುವುದು ದೊಡ್ಡ ಕೆಲಸವೇನಲ್ಲ. ಎರಡು ಸ್ಕ್ರೂ ಬಿಚ್ಚಬೇಕು, ಹಳದಿ ಗಾಜು ತೆಗೆಯಬೇಕು, ಹಳೆಯ ಬಲ್ಬನ್ನು ಒತ್ತಿ ತಿರುಗಿಸಿ ಹೊರಗೆ ತೆಗೆದು ಹೊಸದನ್ನು ಕೂಡಿಸಬೇಕು. ಕಪ್ಪಿನಲ್ಲಿರುವ ಚಹಾ ಆರುವುದರೊಳಗೆ ಮುಗಿಯುತ್ತದೆ. ಸಿಂದಗಿಯಲ್ಲಿ ಡಾಕ್ಟರಬಾಯಿಯವರ ಕಾರು ಓಡಿಸುತ್ತಿದ್ದ ವರ್ಷಗಳಲ್ಲಿ ಅದನ್ನು ಎಷ್ಟು ಸಲ ಮಾಡಿದ್ದೆನೋ ಲೆಕ್ಕವಿಲ್ಲ. ಆದರೆ ಒಂದು ಭಾನುವಾರ ಅದೇ ಕೆಲಸ ನನ್ನನ್ನು ಮುಂಜಾನೆಯಿಂದ ಹೊತ್ತು ಇಳಿಯುವ ತನಕ ಅಂಗಳದಲ್ಲಿ ಹಿಡಿದು ಕೂಡಿಸಿತು.

ಬಾಯಾರು ಹೆರಿಗೆ ಡಾಕ್ಟರು. ವಾರದಲ್ಲಿ ಎರಡು ದಿನ ಮೋರಟಗಿಗೆ ಹೋಗಿ ಅಲ್ಲಿ ಬಸುರಿಯರನ್ನು ನೋಡಿ ಬರುತ್ತಿದ್ದರು. ಕಾರು ಆಗ ಎಲ್ಲ ಊರಲ್ಲೂ ಕಾಣುತ್ತಿದ್ದ ಬಿಳಿ ಬಣ್ಣದ ಸಣ್ಣ ಕಾರು. ಅವರ ದವಾಖಾನೆ ಇದ್ದ ಓಣಿ ಇಕ್ಕಟ್ಟು. ಹೀಗಾಗಿ ರಾತ್ರಿ ಕಾರು ನಮ್ಮ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ತೊಳೆಯುವುದು, ಒರೆಸುವುದು, ಸಣ್ಣಪುಟ್ಟ ರಿಪೇರಿ ಎಲ್ಲ ನನ್ನದೇ. ಬಲ್ಬಿನಂಥ ಕೆಲಸಕ್ಕೆ ಗ್ಯಾರೇಜಿಗೆ ಹೋಗುವುದೆಂದರೆ ನನಗೆ ನಾಚಿಕೆ.

ಆ ವಾರ ಶುಕ್ರವಾರ ಮೋರಟಗಿಯಿಂದ ವಾಪಸ್ ಬರುತ್ತಿದ್ದೆವು. ಬಾಯಾರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ದವಾಖಾನೆ ಓಣಿಗೆ ಬಲಕ್ಕೆ ತಿರುಗಬೇಕು. ಇಂಡಿಕೇಟರ್ ಹಾಕಿದೆ, ಗಾಡಿಯ ವೇಗ ಇಳಿಸಿದೆ, ತಿರುಗಿಸಿದೆ. ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಮೋಟಾರ್ ಸೈಕಲ್ಲೊಂದು ನೇರ ನಮ್ಮ ಮೇಲೆಯೇ ಬಂತು. ಇಬ್ಬರೂ ಬ್ರೇಕ್ ಒತ್ತಿದೆವು. ನಡುವೆ ಒಂದು ಮೊಳ ಜಾಗವೂ ಉಳಿದಿರಲಿಲ್ಲ. ಒಂದು ಕ್ಯಾನಿನ ಮುಚ್ಚಳ ಹಾರಿ ರಸ್ತೆಯ ಮೇಲೆಲ್ಲ ಹಾಲು ಚೆಲ್ಲಿತು.

ಹಾಲಿನವನು ಗಾಡಿ ಇಳಿದು ಬಂದ. ಸಿಟ್ಟಿಗಿಂತ ಅವನ ಮುಖದಲ್ಲಿ ಗಾಬರಿಯೇ ಹೆಚ್ಚಿತ್ತು.

"ಸೈಡ್ ತೋರಸಬೇಕಿಲ್ಲೇನ್ರಿ?" ಎಂದ.

"ತೋರಿಸೇನಿ. ಹಾಕೇ ಐತಲ್ಲ" ಎಂದೆ.

"ಇತ್ತಾಗ ಬಂದು ನೋಡ್ರಿ. ಏನೂ ಹತ್ತಿಲ್ಲ."

ಇಳಿದು ನೋಡಿದೆ. ಅವನ ಮಾತು ಖರೆ. ಬಲಗಡೆಯ ಮುಂದಿನ ದೀಪ ಸತ್ತಿತ್ತು. ಒಳಗೆ ಟಿಕ್ ಟಿಕ್ ಸಪ್ಪಳ ಎಂದಿಗಿಂತ ಅವಸರದಲ್ಲಿ ಓಡುತ್ತಿತ್ತು. ಒಂದು ಬಲ್ಬು ಹೋದಾಗ ಆ ಸಪ್ಪಳ ಹಾಗೆ ಓಡುತ್ತದೆ, ಅದು ಡ್ರೈವರನಿಗೆ ಸಿಗುವ ಸುಳಿವು. ನನ್ನ ಕಿವಿಗೆ ಅದು ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಬಾಯಾರು ಹಾಲಿನವನನ್ನು ಮಾತಾಡಿಸಿ ಸಮಾಧಾನ ಮಾಡಿದರು. ನನಗೆ, "ಯಾರಿಗೂ ಏನೂ ಆಗಿಲ್ಲ, ಬಿಡ್ರಿ. ಬಲ್ಬ್ ಹಾಕಿಸ್ರಿ ಸಾಕು" ಅಂದರು.

ಬಿಡುವುದು ನನ್ನಿಂದ ಆಗಲಿಲ್ಲ. ತಪ್ಪು ಬಲ್ಬಿನದೋ ನನ್ನ ಕಣ್ಣಿನದೋ ಎಂಬುದು ನನಗೆ ತಿಳಿಯದಾಗಿತ್ತು. ಮೋಟಾರ್ ಸೈಕಲ್ ಬರುವುದು ನನಗೆ ಕಂಡಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು. ಇನ್ನೊಮ್ಮೆ, ಕಂಡಿದ್ದರೆ ತಿರುಗಿಸುತ್ತಿದ್ದೆನೇ ಅನ್ನಿಸುತ್ತಿತ್ತು.

ಯಾಕೆ ಹೀಗೆ ಅನ್ನಿಸಿತೆಂದರೆ, ಅದಕ್ಕೂ ಮೊದಲಿನ ಕೆಲವು ತಿಂಗಳಿಂದ ನನ್ನ ಕಣ್ಣು ನನಗೆ ಕೈಕೊಡುತ್ತಿತ್ತು. ಬಸ್ಸಿನ ಬೋರ್ಡು, ಮೈಲಿಗಲ್ಲು, ಹೊಲದಾಚೆಯ ಗಿಡ ಎಲ್ಲ ಕಾಣುತ್ತಿದ್ದವು. ಆದರೆ ಕೈಯಲ್ಲಿ ಹಿಡಿದ ವಸ್ತು ಮಸುಕು. ಔಷಧಿ ಚೀಟಿ ಓದಲು ಬರುತ್ತಿರಲಿಲ್ಲ. ಎಂಜಿನ್ ಆಯಿಲಿನ ಕಡ್ಡಿಯ ಮೇಲಿನ ಗೆರೆ ಕಾಣದೆ ಬೆರಳಿನಿಂದ ಸವರಿ ನೋಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ನನ್ನ ಅಪ್ಪ ಇಂಡಿ ಕಡೆ ಒಬ್ಬರ ಲಿಂಬೆ ತೋಟದಲ್ಲಿ ಕೆಲಸಕ್ಕಿದ್ದ. ಹಣ್ಣು ಯಾವುದು, ಕಾಯಿ ಯಾವುದು ಎಂದು ಮಾರು ದೂರದಿಂದ ಹೇಳುವವನು, ಒಂದು ವರ್ಷ ಪ್ರತಿಯೊಂದನ್ನೂ ಮುಟ್ಟಿ ಮುಟ್ಟಿ ನೋಡತೊಡಗಿದ. ಆಮೇಲೆ ಬಗಲಿಗೆ ಬಂದು ನಿಂತವರು ಅವನಿಗೆ ಕಾಣದಾದರು. ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳುತ್ತಿದ್ದ. ಕಡೆಗೆ ಎರಡೂ ಕಣ್ಣು ಹೋದವು. ಆಗ ಅವನಿಗೆ ಆ ಭಾನುವಾರದ ಹೊತ್ತಿನ ನನ್ನ ವಯಸ್ಸೇ. ಅವನು ಕೈಯಿಂದ ಲಿಂಬೆ ಸವರಿದಂತೆಯೇ ನಾನು ಕಡ್ಡಿ ಸವರುತ್ತಿದ್ದೇನೆ ಎಂದು ಒಂದು ದಿನ ಹೊಳೆದದ್ದೇ ತಡ, ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಸ್ಟೇರಿಂಗ್ ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಶನಿವಾರ ಸಂಜೆ ಬಿಡಿಭಾಗದ ಅಂಗಡಿಗೆ ಹೋಗಿ ಎರಡು ಬಲ್ಬು ಕೇಳಿದೆ. ಒಂದು ಹೋದರೆ ಎರಡನ್ನೂ ಬದಲಿಸಿಬಿಡುವುದು ನನ್ನ ರೂಢಿ. ಒಂದು ಹೊಸದು ಒಂದು ಹಳೆಯದಾದರೆ ಬೆಳಕಿನಲ್ಲಿ ವ್ಯತ್ಯಾಸ ಬರುತ್ತದೆ. ಅಂಗಡಿಯವನು ಗಿರಾಕಿಗಳ ಗದ್ದಲದಲ್ಲಿದ್ದ. ಡಬ್ಬಿಯಿಂದ ಎರಡು ತೆಗೆದು ಮುಂದಿಟ್ಟು, "ಸಿಂಗಲ್ ಪಾಯಿಂಟೋ ಡಬಲ್ ಪಾಯಿಂಟೋ, ನೀವs ಒಮ್ಮೆ ನೋಡಿಕೋರಿ. ಎರಡೂ ಕೂಡಿ ಬಿದ್ದಾವು" ಎಂದ.

ಸಿಂಗಲ್ ಪಾಯಿಂಟ್ ಬಲ್ಬಿನ ತಳದಲ್ಲಿ ಒಂದೇ ಸೀಸದ ಬೊಟ್ಟು ಇರುತ್ತದೆ, ಒಳಗೆ ಒಂದೇ ತಂತಿ. ಇಂಡಿಕೇಟರಿಗೆ ಅದು ಬೇಕು. ಡಬಲ್ ಪಾಯಿಂಟಿಗೆ ಎರಡು ಬೊಟ್ಟು, ಎರಡು ತಂತಿ. ಅದು ಹಿಂದಿನ ಬ್ರೇಕ್ ಲೈಟಿಗೆ. ನಾನು ಬಲ್ಬನ್ನು ಎತ್ತಿ ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದೆ. ಬೆಳ್ಳಗೆ ಏನೋ ಹೊಳೆಯಿತು, ಅಷ್ಟೇ. ಸುತ್ತ ನಾಲ್ಕು ಮಂದಿ ನಿಂತಿದ್ದರು. "ಬರೋಬ್ಬರಿ ಅದಾವು" ಎಂದು ಜೇಬಿಗೆ ಹಾಕಿಕೊಂಡು ಬಂದೆ.

ಭಾನುವಾರ ಮುಂಜಾನೆ ಕಾರಿನ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತೆ. ಆ ಕಾರಿನಲ್ಲಿ ಇಂಡಿಕೇಟರುಗಳು ಮುಂದಿನ ಬಂಪರಿನೊಳಗೇ ಇದ್ದವು, ಬಹಳ ಕೆಳಗೆ. ಹೆಂಡತಿ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಅವಳು ಇಂಗಳೇಶ್ವರದವಳು, ಮದುವೆಯಾಗಿ ಬರುವಾಗಲೇ ಹೊಲಿಗೆ ಕಲಿತು ಬಂದವಳು. ಓಣಿಯ ಹೆಣ್ಣುಮಕ್ಕಳ ಜಂಪರುಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು.

ಮೊದಲು ಬಲಗಡೆಯದನ್ನು ಹಿಡಿದೆ. ಸ್ಕ್ರೂಗಳಿಗೆ ಕೆಸರು, ತುಕ್ಕು ಹಿಡಿದಿತ್ತು. ಸ್ಕ್ರೂಡ್ರೈವರಿನ ತುದಿ ಗೀರಿನಲ್ಲಿ ಕೂಡುತ್ತಲೇ ಇರಲಿಲ್ಲ. ಕೂಡಿತು ಅಂದುಕೊಂಡು ತಿರುಗಿಸಿದರೆ ಜಾರಿ ಬಂಪರಿಗೆ ಗೀಚುತ್ತಿತ್ತು. ಎಡಗೈಯ ಉಗುರಿನಿಂದ ಗೀರನ್ನು ಹುಡುಕಿ, ಉಗುರಿನ ಆಸರೆಗೆ ತುದಿಯನ್ನು ಇಳಿಸಿದೆ. ಸೀಮೆಎಣ್ಣೆಯ ಹನಿ ಬಿಟ್ಟು ಸ್ವಲ್ಪ ಹೊತ್ತು ಕಾದೆ. ಹಿಡಿಕೆಯ ಮೇಲೆ ಮೆಲ್ಲಗೆ ಬಡಿದೆ. ಒಂದು ಸಡಿಲಾಯಿತು. ಇನ್ನೊಂದರ ತಲೆ ಸವೆದು ದುಂಡಗಾಗುತ್ತ ಬಂದಿತ್ತು. ಅದನ್ನು ಇಕ್ಕಳದಿಂದ ಕಚ್ಚಿಸಿ ಸುತ್ತಬೇಕಾಯಿತು. ಗಾಜು ಬಿಚ್ಚಿ ಬಂತು.

ಹಳೆಯ ಬಲ್ಬಿನ ಹೊಟ್ಟೆ ಒಳಗಿಂದ ಕಪ್ಪಾಗಿತ್ತು. ಬಟ್ಟೆ ಹಿಡಿದು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದೆ. ಕರಕರ ಎಂದು ಬಂತು. ಇಲ್ಲಿಯ ತನಕ ಕೈಗಳ ರೂಢಿಯ ಮೇಲೆ ನಡೆದಿತ್ತು. ಹೊಸ ಬಲ್ಬು ಕೂಡಿಸಲು ಹೋದೆ, ಕೂಡಲಿಲ್ಲ.

ಬಲ್ಬಿನ ಎರಡೂ ಪಕ್ಕಕ್ಕೆ ಎರಡು ಸಣ್ಣ ಕಿವಿಗಳಿರುತ್ತವೆ. ಅವು ಹೋಲ್ಡರಿನ ಗೀರುಗಳಲ್ಲಿ ಇಳಿಯಬೇಕು, ಒತ್ತಿ ಬಲಕ್ಕೆ ತಿರುಗಿಸಿದರೆ ಕಚ್ಚಿಕೊಳ್ಳಬೇಕು. ಒಂದು ಕಿವಿ ಕಚ್ಚುತ್ತಿತ್ತು, ಇನ್ನೊಂದು ಹೊರಗೇ ಉಳಿಯುತ್ತಿತ್ತು. ಬಲ್ಬನ್ನು ತಿರುವಿ ಹಾಕಿದೆ, ಮತ್ತೆ ಅದೇ. ಮುಖ ಬಂಪರಿಗೆ ತಾಗುವಷ್ಟು ಬಗ್ಗಿದೆ. ಬಗ್ಗಿದಷ್ಟೂ ಮಸುಕಾಯಿತು. ಹಿಂದೆ ಸರಿದರೆ ಹೋಲ್ಡರಿನೊಳಗೆ ಕತ್ತಲೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಿವಿ ಸರಿಯಾಗಿಯೇ ಇದೆ, ಗೀರು ಕಾಣದೆ ನಾನೇ ತಪ್ಪುತ್ತಿದ್ದೇನೆ ಎಂದುಕೊಂಡೆ. ಸಿಟ್ಟು ಬಂದು ಅಂಗೈಯಿಂದ ಒತ್ತಿದೆ. ಬಲ್ಬು ಟಪ್ಪೆಂದು ಒಡೆಯಿತು.

ಮಷಿನ್ ಸದ್ದು ನಿಂತಿತು. ಹೆಂಡತಿ ಹೊರಗೆ ಬಂದಳು. ನನ್ನ ಹೆಬ್ಬೆರಳಿನ ಬುಡದಿಂದ ರಕ್ತ ಸೋರುತ್ತಿತ್ತು. ಅವಳು ಬಚ್ಚಲಿಗೆ ಕರೆದೊಯ್ದು ನೀರು ಹಾಕಿದಳು, ಗಾಜಿನ ಚೂರು ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು, ಅರಿಷಿಣ ಒತ್ತಿ ಜಂಪರಿನ ಅಸ್ತರದ ತುಂಡು ಸುತ್ತಿದಳು. ಆಮೇಲೆ ಅಂಗಳಕ್ಕೆ ಬಂದು, ಒಡೆಯದೆ ಉಳಿದಿದ್ದ ಇನ್ನೊಂದು ಬಲ್ಬನ್ನೂ ಕಪ್ಪಾದ ಹಳೆಯದನ್ನೂ ಎರಡು ಕೈಯಲ್ಲಿ ಹಿಡಿದು ತನ್ನ ಚಾಳೀಸನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. ಅದು ಸಂತೆಯಲ್ಲಿ ಕೊಂಡ ಸಿದ್ಧ ಚಾಳೀಸು. ಒಂದು ಕಡ್ಡಿ ಮುರಿದು, ಅದಕ್ಕೆ ಕಪ್ಪು ದಾರ ಕಟ್ಟಿದ್ದಳು.

"ಇವು ಎರಡೂ ಬ್ಯಾರೆ ಬ್ಯಾರೆ ಅದಾವಲ್ರಿ" ಎಂದಳು.

"ಅದೆಂಗ?"

"ಹಳೇದರ ಕಿವಿ ಎರಡೂ ಸಮ ಅದಾವು. ಇದರದ್ದು ಒಂದು ಮ್ಯಾಲ ಐತಿ, ಒಂದು ಕೆಳಗ ಐತಿ. ತಳದಾಗ ಚುಕ್ಕಿನೂ ಎರಡು ಅದಾವು. ನಿಮಗ ಕಾಣಲಿಲ್ಲೇನು?"

ಡಬಲ್ ಪಾಯಿಂಟ್. ಅದಕ್ಕೇ ಕೂಡಿರಲಿಲ್ಲ. ಬೇರೆ ದಿನವಾಗಿದ್ದರೆ ಅಂಗಡಿಯವನನ್ನು ಬೈದು ಎದ್ದುಹೋಗುತ್ತಿದ್ದೆ. ಅವಳು ಕೇಳಿದ ರೀತಿಯಲ್ಲಿ ಹಂಗಿಸುವುದು ಇರಲಿಲ್ಲ. ಬಟ್ಟೆಯ ಬಣ್ಣ ಕೇಳಿದ ಹಾಗೆ ಕೇಳಿದ್ದಳು. ನಾನು ಗೋಣಿಚೀಲದ ಮೇಲೆ ಕುಳಿತೆ.

"ಇಲ್ಲ. ನನಗ ಕಾಣಂಗಿಲ್ಲ" ಎಂದೆ. "ಭಾಳ ದಿವಸ ಆತು. ಅಪ್ಪಗ ಆದಂಗ ಆಗಾಕತ್ತೈತಿ."

ಅವಳೂ ಎದುರಿಗೆ ಕುಳಿತಳು. ಅಪ್ಪನ ಕೊನೆಯ ವರ್ಷಗಳಲ್ಲಿ ಅವನ ಕೈಹಿಡಿದು ಬಾಗಿಲು ದಾಟಿಸಿದವಳು ಅವಳೇ. ಹೀಗಾಗಿ ಅವಳಿಗೆ ನಾನು ಹೆಚ್ಚು ಹೇಳಬೇಕಾಗಿರಲಿಲ್ಲ. ಚಾಳೀಸು ತೆಗೆದು, ಸೆರಗಿನಿಂದ ಗಾಜು ಒರೆಸಿ, ನನ್ನ ಮೂಗಿನ ಮೇಲಿಟ್ಟು ದಾರವನ್ನು ಕಿವಿಗೆ ಸುತ್ತಿದಳು.

"ಈಗ ನೋಡ್ರಿ."

ಬಲ್ಬನ್ನು ಹಿಡಿದೆ. ತಗಡಿನ ಮೇಲೆ ಕೆತ್ತಿದ ಸಣ್ಣ ಅಕ್ಷರಗಳಿದ್ದವು, ಅಂಕಿಗಳಿದ್ದವು. ಒಳಗಿನ ಎರಡು ತಂತಿಗಳು ಕೂದಲೆಳೆಯಷ್ಟು ತೆಳ್ಳಗೆ, ಬೇರೆ ಬೇರೆಯಾಗಿ ಕಂಡವು. ಒಂದು ಕಿವಿ ಮೇಲೆ, ಒಂದು ಕೆಳಗೆ. ಎಲ್ಲ ಇದ್ದಲ್ಲೇ ಇತ್ತು.

ತಲೆ ಎತ್ತಿದೆ. ಅವಳು ಮಾರು ದೂರದಲ್ಲೂ ಇರಲಿಲ್ಲ. ಕಿವಿಯ ಮೇಲುಗಡೆ ಕೂದಲು ಬೆಳ್ಳಗಾಗಿದ್ದು ನನಗೆ ಗೊತ್ತೇ ಇರಲಿಲ್ಲ. ತೋರುಬೆರಳಿನ ತುದಿಗೆ ಸೂಜಿ ಚುಚ್ಚಿ ಚುಚ್ಚಿ ಜರಡಿಯ ಹಾಗೆ ಕಪ್ಪು ಚುಕ್ಕಿಗಳಾಗಿದ್ದವು. ಕಣ್ಣಿನ ಕೆಳಗೆ ನೆರಿಗೆ ಬಂದಿತ್ತು. ಎಷ್ಟು ದಿನದಿಂದ ನಾನು ಈ ಮುಖವನ್ನು ನೆನಪಿನಿಂದಲೇ ನೋಡುತ್ತಿದ್ದೆನೋ.

"ಏನ ಹಂಗ ನೋಡಾಕತ್ತೀರಿ?" ಎಂದಳು.

"ಏನಿಲ್ಲ."

"ಕಾಣ್ತೈತಿಲ್ಲ?"

"ಕಾಣ್ತೈತಿ."

"ಮತ್ತ ಇಷ್ಟಕ್ಕs ಅಷ್ಟ ದಿನ ಒಳಗ ಇಟ್ಟುಕೊಂಡು ಕುಂತ್ರೇನು" ಎಂದು ಎದ್ದು ಒಳಗೆ ಹೋದಳು. ಹೋಗುವಾಗ ಸೆರಗಿನಿಂದ ಮುಖ ಒರೆಸಿಕೊಂಡದ್ದು ಚಾಳೀಸಿಲ್ಲದೆಯೂ ಕಾಣುತ್ತಿತ್ತು.

ಅವಳಿಗೂ ಚಾಳೀಸು ಬಂದಿದೆ, ನನಗೂ ಬರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಹೊಲಿಗೆಯವರ ಕಣ್ಣು ಹೊಲಿಗೆಯಿಂದ ಸವೆಯುತ್ತದೆ ಎಂದುಕೊಂಡಿದ್ದೆ. ನನ್ನ ಕಣ್ಣೆಂದರೆ ಅಪ್ಪನ ಕಣ್ಣು ಎಂಬುದೊಂದೇ ತಲೆಯಲ್ಲಿತ್ತು.

ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ಚಾಳೀಸು ಜೇಬಿನಲ್ಲಿಟ್ಟುಕೊಂಡು ಸೈಕಲ್ ತುಳಿದೆ. ಅಂಗಡಿಯಲ್ಲಿ ಅದನ್ನು ಹಾಕಿಕೊಂಡಾಗ ಅಂಗಡಿಯವನು ದಾರ ನೋಡಿ ನಕ್ಕ. ನಗಲಿ ಎಂದು ಬಿಟ್ಟೆ. ಡಬ್ಬಿಯಲ್ಲಿದ್ದವನ್ನು ಒಂದೊಂದಾಗಿ ತಿರುವಿ, ಕಿವಿ ಸಮ ಇರುವ, ಒಂದೇ ಬೊಟ್ಟಿನ, ಹಳೆಯದರ ಮೇಲಿದ್ದ ಅಂಕಿಯೇ ಇರುವ ಎರಡನ್ನು ಆರಿಸಿದೆ.

ಮನೆಗೆ ಬಂದು ಮತ್ತೆ ಕುಳಿತೆ. ಹೋಲ್ಡರಿನೊಳಗೆ ನೋಡಿದರೆ ಹಸಿರು ಕಿಲುಬು ಕಟ್ಟಿತ್ತು. ಕಣ್ಣಿಗೆ ಬಿದ್ದದ್ದೇ ಈಗ. ಎಮರಿ ಪೇಪರನ್ನು ಪೆನ್ಸಿಲ್ಲಿಗೆ ಸುತ್ತಿ ಒಳಗೆ ತಿಕ್ಕಿದೆ, ತಳದ ಸ್ಪ್ರಿಂಗನ್ನು ಎತ್ತಿ ಬಿಟ್ಟೆ. ಬಲ್ಬು ಒತ್ತಿ ತಿರುಗಿಸಿದರೆ ಕಟ್ ಎಂದು ಕೂಡಿತು. ಎಡಗಡೆಯದನ್ನೂ ಹಾಗೆಯೇ ಬಿಚ್ಚಿ ಹಾಕಿದೆ. ಒಳಗೆ ಹೋಗಿ ಚಾವಿ ತಿರುವಿ ಎಡಕ್ಕೆ ಇಂಡಿಕೇಟರ್ ಹಾಕಿ, ಇಳಿದು ಬಂದು ನೋಡಿದೆ. ಹತ್ತಿತು, ಆರಿತು, ಹತ್ತಿತು. ಬಲಕ್ಕೆ ಹಾಕಿದೆ. ಹತ್ತಲಿಲ್ಲ. ಟಿಕ್ ಟಿಕ್ ಮತ್ತೆ ಅವಸರದಲ್ಲೇ ಓಡಿತು.

ಎರಡು ಬಲ್ಬುಗಳನ್ನೂ ಅದಲು ಬದಲು ಮಾಡಿ ನೋಡಿದೆ. ಎಡಕ್ಕೆ ಯಾವುದನ್ನು ಹಾಕಿದರೂ ಹತ್ತುತ್ತಿತ್ತು, ಬಲಕ್ಕೆ ಯಾವುದೂ ಇಲ್ಲ. ಅಂದರೆ ಬಲ್ಬು ಸರಿ ಇದೆ, ಕರೆಂಟು ಬರುತ್ತಿಲ್ಲ, ಇಲ್ಲವೆ ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲ. ಒಂದು ತುಂಡು ತಂತಿ ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದನ್ನು ಹೋಲ್ಡರಿನ ಹೊರಮೈಗೆ ಮುಟ್ಟಿಸಿದೆ. ಬಲ್ಬು ಬೆಳಗಿತು. ಬೇನೆ ಎಲ್ಲಿದೆ ಎಂದು ತಿಳಿಯಿತು: ಅರ್ಥಿಂಗ್. ಹೋಲ್ಡರಿನಿಂದ ಹೊರಟ ಕಪ್ಪು ತಂತಿಯನ್ನು ಬೆರಳಲ್ಲಿ ಹಿಡಿದು ಹೋದೆ. ಅದು ಬಂಪರಿನ ಹಿಂದೆ ಒಂದು ಬೋಲ್ಟಿಗೆ ಕಟ್ಟಿಕೊಂಡಿತ್ತು. ಬೋಲ್ಟು ತುಕ್ಕು ತಿಂದು ಪುಡಿಪುಡಿಯಾಗಿತ್ತು. ಬಿಚ್ಚಿ, ತಂತಿಯ ತುದಿಯನ್ನೂ ಕಬ್ಬಿಣವನ್ನೂ ಬೆಳ್ಳಗಾಗುವ ತನಕ ತಿಕ್ಕಿ, ಬೇರೆ ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿದೆ.

ಹೆಂಡತಿಯನ್ನು ಕರೆದು ಕಾರಿನ ಮುಂದೆ ನಿಲ್ಲಿಸಿದೆ. "ಹತ್ತಿದ್ರ ಹೇಳು" ಎಂದು ಒಳಗೆ ಕುಳಿತು ಬಲಕ್ಕೆ ಹಾಕಿದೆ.

"ಹತ್ತೈತ್ರಿ" ಎಂದಳು. "ಆರಿತು. ಮತ್ತ ಹತ್ತೈತಿ. ಮತ್ತ ಆರಿತು." ನಾನು ನಿಲ್ಲಿಸುವ ತನಕ ಅವಳು ಹೇಳುತ್ತಲೇ ಇದ್ದಳು. ಒಳಗಿನ ಸಪ್ಪಳ ಈಗ ನಿಧಾನವಾಗಿತ್ತು.

ಗಾಜು ಒರೆಸಿ, ರಬ್ಬರು ಸರಿಯಾಗಿ ಕೂಡಿಸಿ ಸ್ಕ್ರೂ ಬಿಗಿಯುವ ಹೊತ್ತಿಗೆ ನಾನೊಂದು ನಿರ್ಧಾರಕ್ಕೆ ಬಂದಿದ್ದೆ. ಚಾಳೀಸು ಹಾಕಿದರೆ ಬಲ್ಬು ಕಾಣುತ್ತದೆ, ಸರಿ. ಆದರೆ ಅಪ್ಪನಿಗೆ ಬಗಲಿನವರು ಕಾಣದಾದ ಹಾಗೆ ನನಗೂ ಆಗುತ್ತಿದ್ದರೆ? ನಾಳೆ ಮೋರಟಗಿಗೆ ಹೋಗಬೇಕು. ವಾಪಸ್ ಬರುವಾಗ ಹಲವು ಸಲ ಹಿಂದಿನ ಸೀಟಿನಲ್ಲಿ ದಿನ ತುಂಬಿದ ಬಸುರಿ ಇರುತ್ತಾಳೆ. ಬಾಯಾರಿಗೆ ಹೇಳದೆ ಸ್ಟೇರಿಂಗ್ ಹಿಡಿಯುವುದಿಲ್ಲ ಎಂದುಕೊಂಡೆ. ಹೆಂಡತಿಗೆ ಹೇಳಿದೆ. ಅವಳು, "ಹೇಳಿ ಬರ್ರಿ. ಮುಂದಿಂದು ಮುಂದ" ಎಂದಳು.

ಸಂಜೆ ಕಾರು ಬಿಟ್ಟು ಬಾಯಾರ ಮನೆಗೆ ನಡೆದೇ ಹೋದೆ. ಬಾಯಾರು ಕಟ್ಟೆಯ ಮೇಲೆ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದರು. ಚಾವಿಯನ್ನು ಅವರ ಮುಂದಿಟ್ಟು, ಅಪ್ಪನ ಕಣ್ಣಿನ ಸಂಗತಿ, ನನ್ನ ಕಣ್ಣಿನ ಸಂಗತಿ, ಹೆಂಡತಿಯ ದಾರ ಕಟ್ಟಿದ ಚಾಳೀಸಿನ ಸಂಗತಿ ಎಲ್ಲ ಹೇಳಿದೆ. "ಬ್ಯಾರೆ ಡ್ರೈವರನ್ನ ನೋಡ್ರಿ ಬಾಯಾರ. ಸಿಗೂತನಕ ಮನಿಗೆಲಸ ಏನರ ಇದ್ರ ಮಾಡ್ತೇನಿ" ಎಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಪಲ್ಲೆ ಬದಿಗಿಟ್ಟು ಕೈ ತೊಳೆದುಕೊಂಡು ಬಂದು, "ಏಳ್ರಿ, ನಿಂದರ್ರಿ" ಅಂದರು. ಒಂದು ಕಣ್ಣು ಮುಚ್ಚಿಸಿ ರಸ್ತೆಯಾಚೆಯ ಅಂಗಡಿಯ ಬೋರ್ಡು ಓದಿಸಿದರು, ಅದರ ಕೆಳಗಿನ ಸಣ್ಣ ಸಾಲು ಓದಿಸಿದರು. ಇನ್ನೊಂದು ಕಣ್ಣಿಗೂ ಹಾಗೆಯೇ. ಆಮೇಲೆ ನನ್ನೆದುರಿಗೆ ನಿಂತು ಎರಡೂ ತೋಳು ಅಗಲಿಸಿದರು.

"ನನ್ನ ಮೂಗು ನೋಡ್ರಿ. ಕಣ್ಣು ಹೊಳ್ಳಿಸಬ್ಯಾಡ್ರಿ. ಯಾವ ಬೆರಳು ಅಲ್ಲಾಡ್ತೈತಿ ಹೇಳ್ರಿ."

"ಬಲಗೈದು. ಈಗ ಎಡಗೈದು. ಈಗ ಎರಡೂ."

ಮೇಲೆ, ಕೆಳಗೆ, ಪೂರಾ ಬದಿಗೆ ಎಲ್ಲ ಕಡೆ ಬೆರಳು ಒಯ್ದು ನೋಡಿದರು. ಓಣಿಯವರು ನಿಂತು ನೋಡುತ್ತಿದ್ದರು. ಕಡೆಗೆ ಕೈ ಇಳಿಸಿದರು.

"ದೂರಿಂದು ಬರೋಬ್ಬರಿ ಐತಿ, ಬಗಲಿಂದೂ ಐತಿ. ಸದ್ಯ ಗಾಡಿ ಹೊಡೀಲಿಕ್ಕೆ ಅಡ್ಡಿ ಇಲ್ಲ. ಹತ್ತಿರದ್ದು ಕಾಣದಿರೂದು ನಲವತ್ತಕ್ಕ ಎಲ್ಲಾರಿಗೂ ಬರ್ತೈತಿ, ಅದಕ್ಕs ಈ ಕನ್ನಡಕಕ್ಕ ಚಾಳೀಸ ಅನ್ನೂದು, ಚಾಳೀಸ ಅಂದ್ರ ನಲವತ್ತು. ಆದ್ರ ನಿಮ್ಮ ಅಪ್ಪಾರಿಗೆ ಹಂಗ ಆಗಿತ್ತಂದ್ರ ನಾ ನೋಡಿದ್ದು ಸಾಲಂಗಿಲ್ಲ. ವಿಜಾಪುರದಾಗ ಕಣ್ಣಿನ ಡಾಕ್ಟರಿಗೆ ತೋರಸ್ರಿ, ಒಳಗಿನ ಒತ್ತಡ ಅಳೀತಾರ. ಬುಧವಾರ ಕಾರ್ ತಗೊಂಡು ಹೋಗ್ರಿ. ಮನ್ಯಾಗಿನವರನ್ನೂ ಕರಕೊಂಡು ಹೋಗ್ರಿ, ಅವರ ಚಾಳೀಸೂ ಬರೋಬ್ಬರಿ ಇದ್ದಂಗಿಲ್ಲ."

ಚಾವಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ಗಾಯವನ್ನೂ ನೋಡಿದರು.

ಬುಧವಾರ ಹೋದೆವು. ವಿಜಾಪುರದ ಕಣ್ಣಿನ ದವಾಖಾನೆಯಲ್ಲಿ ಮೊದಲು ಇಬ್ಬರಿಗೂ ಗಾಜು ಹಾಕಿ ಹಾಕಿ ಅಕ್ಷರ ಓದಿಸಿದರು. ಆಮೇಲೆ ನನ್ನ ಕಣ್ಣಿನ ಒತ್ತಡ ಅಳೆದರು, ಹನಿ ಹಾಕಿ ಅರ್ಧ ತಾಸು ಕೂಡಿಸಿ ಒಳಗೆ ಬೆಳಕು ಬಿಟ್ಟು ನೋಡಿದರು. ಆ ಡಾಕ್ಟರು ಹೆಚ್ಚು ಮಾತಿನವರಲ್ಲ. "ನಿಮ್ಮ ತಂದಿ ಬ್ಯಾನಿ ನಿಮಗ ಬಂದಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸ್ರಿ. ಹನಿ ಇಳಿಯೂತನಕ ಗಾಡಿ ಹೊಡೀಬ್ಯಾಡ್ರಿ" ಅಂದರು.

ಹೊರಗೆ ಬಂದರೆ ಬಿಸಿಲು ಸೂಜಿಯ ಹಾಗೆ ಚುಚ್ಚಿತು. ದವಾಖಾನೆಯ ಅಂಗಳದಲ್ಲಿ ಒಂದು ಅರಳಿಮರ, ಅದರ ಸುತ್ತ ಕಟ್ಟೆ. ಹೆಂಡತಿ ನನ್ನ ರಟ್ಟೆ ಹಿಡಿದು ಒಯ್ದು ನೆರಳಿನಲ್ಲಿ ಕೂಡಿಸಿದಳು. ಹೊತ್ತು ಇಳಿಯುವ ತನಕ ನಮಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಲಗ್ನವಾಗಿ ಅಷ್ಟು ವರ್ಷಕ್ಕೆ ನಾವಿಬ್ಬರೂ ಏನೂ ಕೆಲಸವಿಲ್ಲದೆ ಒಂದು ಕಡೆ ಕುಳಿತದ್ದು ಅದೇ ಮೊದಲು. ಅವಳು ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ನನಗೆ ಎದುರಿಗಿರುವುದೆಲ್ಲ ಬೆಳಕಿನ ಮುದ್ದೆ. ರೊಟ್ಟಿ ಮುರಿದು ಕೈಗೆ ಕೊಡುತ್ತ, ಗೇಟಿನಲ್ಲಿ ಬರುವವರನ್ನು ಹೇಳುತ್ತ ಹೋದಳು. ಒಬ್ಬ ಮುದುಕ ಹಸಿರು ಪಟ್ಟಿ ಕಟ್ಟಿಕೊಂಡು ಬಂದ. ಒಬ್ಬಾಕೆ ಉಟ್ಟ ಇಳಕಲ್ಲ ಸೀರೆಯ ಸೆರಗು ಭಾಳ ಚೊಲೋ ಐತಿ. ಇಂಗಳೇಶ್ವರದಲ್ಲಿ ತಾನು ಸಣ್ಣವಳಿದ್ದಾಗ ಅವ್ವನ ಹಳೆಯ ಸೀರೆಯ ಸೆರಗಿನಿಂದ ಮೊದಲ ಜಂಪರು ಹೊಲಿದದ್ದು, ತೋಳು ತಿರುವುಮುರುವಾದದ್ದು, ಇವೆಲ್ಲ ಆ ಹೊತ್ತು ಅವಳ ಬಾಯಿಂದ ಕೇಳಿದೆ. ಅದುವರೆಗೆ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ನೆರಳು ಉದ್ದವಾಯಿತು. ಗೇಟಿನಾಚೆ ನಿಂತಿದ್ದ ಕಾರಿನ ನಂಬರು ಒಂದೊಂದೇ ಅಂಕಿಯಾಗಿ ಬಿಡಿಸಿಕೊಂಡಿತು. ಅವಳ ಚಾಳೀಸು ಇಟ್ಟುಕೊಂಡು ನೋಡಿದರೆ ನನ್ನ ಅಂಗೈಯ ಗೆರೆಗಳೂ ಮೂಡಿದವು.

"ಕಾಣಾಕತ್ತೈತಿ" ಎಂದೆ. "ಹೊಂಡೂನೇನು?"

ಅವಳು ರೊಟ್ಟಿ ಕಟ್ಟಿದ್ದ ವಸ್ತ್ರವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಏಳಲಿಲ್ಲ.

"ಇನ್ನ ಜರಾ ಹೊತ್ತು ಕುಂಡ್ರೂನ್ರಿ" ಎಂದಳು.